ಹಲಗೆ ಎತ್ತುವ ಕೈ: ಅಘನಾಶಿನಿ ಅಳಿವೆಯ ಗಜನಿ ಬಯಲು, ಒಂದು ಪ್ರಕರಣ ಅಧ್ಯಯನ

ಗಜನಿ ಬಯಲಿನ ಅನಾಹುತ ಅನೇಕ ಸಲ ಒಂದು ಏಡಿಯಿಂದ ಶುರುವಾಗುತ್ತದೆ. ಮಣ್ಣಿನ ಒಡ್ಡಿನ ಹೊಳೆಯ ಕಡೆಯ ಮೈಯಲ್ಲಿ ಅದು ಬಿಲ ತೋಡುತ್ತದೆ. ಬಿಲ ಒಡ್ಡಿನ ಒಳಮೈಗೆ ಹಾಯ್ದಾಗ ತೂತು ಬೆರಳಿನಷ್ಟು ದಪ್ಪವಿರುತ್ತದೆ, ಅಷ್ಟೇ. ಅದೇ ದಿನ ಯಾರಾದರೂ ಕಂಡು, ಒಂದು ಹಿಡಿ ಹುಲ್ಲನ್ನು ಜೇಡಿಮಣ್ಣಿನಲ್ಲಿ ಕಲಸಿ ತುರುಕಿ, ಕಾಲಿನಿಂದ ತುಳಿದು ಹೋದರೆ ಕೆಲಸ ಮುಗಿಯಿತು. ಕಾಣದೆ ಹೋದರೆ ಹುಣ್ಣಿಮೆಯ ಅಥವಾ ಅಮಾವಾಸ್ಯೆಯ ಭರತದ, ಅಂದರೆ ಉಬ್ಬರದ, ನೀರು ಅದರೊಳಗೆ ಹೊಕ್ಕು ಮಣ್ಣನ್ನು ಕೊರೆಯುತ್ತದೆ. ಮರುದಿನ ಅದು ಕೈ ಹಿಡಿಸುವಷ್ಟಾಗುತ್ತದೆ, ಮೂರನೆಯ ಭರತಕ್ಕೆ ಒಡ್ಡಿನ ತಲೆ ಕುಸಿಯುತ್ತದೆ, ಆಮೇಲೆ ಒಂದು ಊರಿನ ಗಂಡಾಳು ಹೆಣ್ಣಾಳು ಸೇರಿ ಬುಟ್ಟಿ ಹೊತ್ತರೂ ಇಳಿತದ ಆರು ಗಂಟೆಯೊಳಗೆ ಮುಚ್ಚಲು ಆಗದಷ್ಟು ದೊಡ್ಡ ಕಂಡಿ ಬಿದ್ದಿರುತ್ತದೆ. ಈ ಅಧ್ಯಯನದ ಪ್ರಶ್ನೆ ಆ ಮೊದಲ ದಿನಕ್ಕೆ ಸಂಬಂಧಿಸಿದ್ದು: ಬೆರಳು ಗಾತ್ರದ ತೂತನ್ನು ಮುಚ್ಚುವ ಹೊಣೆ ಯಾರದು, ಮತ್ತು ಆ ಹೊಣೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋದಾಗ ಒಂದು ಅಳಿವೆಯ ಭೂಗೋಳವೇ ಹೇಗೆ ಬದಲಾಯಿತು?

ಅಧ್ಯಯನದ ಸ್ಥಳ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಯ ಅಳಿವೆ. ಅದರ ಅಂಚಿನ ಉಪ್ಪುನೀರಿನ ಗದ್ದೆಗಳನ್ನು ಇಲ್ಲಿಯವರು ಗಜನಿ ಎನ್ನುತ್ತಾರೆ. ಗೋವಾದ ಖಜನ್, ಕೇರಳದ ಪೊಕ್ಕಾಳಿ ಮತ್ತು ಕೈಪಾಡ್ ಭೂಮಿಗಳು ಇದೇ ಕುಟುಂಬದವು. ಗಜನಿಯ ಭತ್ತದ ತಳಿ ಕಗ್ಗ. ಒಂದು ಕಾಲದಲ್ಲಿ ಅಳಿವೆಯ ಎರಡೂ ದಡಗಳಲ್ಲಿ ಬೆಳೆಯುತ್ತಿದ್ದ ಈ ಭತ್ತ ಇಂದು ಮಾಣಿಕಟ್ಟಾದಂಥ ಕೆಲವೇ ಊರುಗಳಿಗೆ ಸೀಮಿತವಾಗಿದೆ. ಮಿಕ್ಕ ಗಜನಿಗಳಲ್ಲಿ ಒಂದಷ್ಟು ವರ್ಷವಿಡೀ ಸಿಗಡಿ ಕೆರೆಗಳಾಗಿವೆ, ಒಂದಷ್ಟು ಒಡ್ಡು ಒಡೆದು ಹೊಳೆಗೆ ಸೇರಿವೆ, ಒಂದಷ್ಟರಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬೆಳೆದು ನಿಂತಿವೆ.

ನದಿ ಮತ್ತು ಅದರ ಬಾಯಿ

ಅಘನಾಶಿನಿ ಹುಟ್ಟುವುದು ಶಿರಸಿ ತಾಲ್ಲೂಕಿನಲ್ಲಿ. ಮಂಜುಗುಣಿಯ ಕಡೆಯಿಂದ ಬರುವ ಬಕುರಹೊಳೆ ಮತ್ತು ಶಿರಸಿಯ ಕಡೆಯಿಂದ ಬರುವ ದೋಣಿಹಳ್ಳ ಕೂಡಿ ನದಿಯಾಗುತ್ತದೆ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ ಘಟ್ಟ ಇಳಿಯುತ್ತದೆ. ಒಟ್ಟು ಹರಿವು ಸುಮಾರು 120 ಕಿಲೋಮೀಟರ್. ಪಕ್ಕದ ಶರಾವತಿ, ಕಾಳಿ ನದಿಗಳಂತೆ ಇದರ ಮುಖ್ಯ ಹರಿವಿಗೆ ದೊಡ್ಡ ಅಣೆಕಟ್ಟು ಅಡ್ಡ ಬಂದಿಲ್ಲ. ಇದರ ಅರ್ಥ ಅಳಿವೆಯಲ್ಲಿ ಕುಳಿತು ನೋಡುವವರಿಗೆ ತಕ್ಷಣ ತಿಳಿಯುತ್ತದೆ: ಘಟ್ಟದಲ್ಲಿ ಜೂನ್ ತಿಂಗಳಲ್ಲಿ ಸುರಿದ ಮಳೆ ಜೂನ್ ತಿಂಗಳಲ್ಲೇ ಇಲ್ಲಿಗೆ ಬರುತ್ತದೆ, ಎಲೆಗೊಬ್ಬರ ಮತ್ತು ಮೆಕ್ಕಲನ್ನು ಹೊತ್ತುಕೊಂಡೇ ಬರುತ್ತದೆ, ಬೇಸಿಗೆಯಲ್ಲಿ ಯಾವ ವಿದ್ಯುದಾಗಾರವೂ ನೀರು ಬಿಟ್ಟು ಅಳಿವೆಯ ಉಪ್ಪನ್ನು ತೆಳುಮಾಡುವುದಿಲ್ಲ. ಶರಾವತಿಯ ಬಾಯಲ್ಲಿ ವರ್ಷವಿಡೀ ಸಿಹಿನೀರು ಇಳಿಯತೊಡಗಿದ ಮೇಲೆ ಉಪ್ಪುನೀರಿನ ಜೀವಿಗಳು ಹಿಂದೆ ಸರಿದುದನ್ನು ನೆನೆದರೆ, ಅಘನಾಶಿನಿಯ ಋತುಚಕ್ರ ಕೆಡದೆ ಉಳಿದಿರುವುದರ ಬೆಲೆ ಅರ್ಥವಾಗುತ್ತದೆ.

ಈ ಚಕ್ರವೇ ಅಳಿವೆಯ ನಿಜವಾದ ನಕ್ಷೆ. ಮಳೆಗಾಲದಲ್ಲಿ ಬಾಯಿಯವರೆಗೂ ಸಿಹಿನೀರು ತಳ್ಳಿಕೊಂಡು ಬರುತ್ತದೆ. ಅಕ್ಟೋಬರ್ ದಾಟಿದ ಮೇಲೆ ಸಮುದ್ರ ಒಳಗೆ ಬರತೊಡಗಿ, ಏಪ್ರಿಲ್-ಮೇ ಹೊತ್ತಿಗೆ ಅಳಿವೆಯ ನೀರು ಹೆಚ್ಚುಕಡಿಮೆ ಸಮುದ್ರದ ನೀರಿನಷ್ಟೇ ಉಪ್ಪಾಗುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿ ದಿನವೂ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆಗಳ ಆಚೀಚೆ ಏರಿಳಿತದ ಅಂತರ ಎರಡು ಮೀಟರಿನ ಹತ್ತಿರ ಹೋಗುತ್ತದೆ. ಎರಡು ಮೀಟರ್ ಎಂದರೆ ಹೆಚ್ಚೇನಲ್ಲ ಎನ್ನಿಸಬಹುದು. ಆದರೆ ದೀವಗಿ ಮತ್ತು ಮಿರ್ಜಾನಿನ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಸೇತುವೆಯನ್ನು ದಾಟಿದ ಮೇಲೆ ನದಿ ಅಗಲಕ್ಕೆ ಹರಡಿಕೊಂಡು, ತೀರ ಆಳವಿಲ್ಲದ ಕೆಸರು ಬಯಲಾಗುತ್ತದೆ. ಅಂಥ ಚಪ್ಪಟೆ ನೆಲದಲ್ಲಿ ಎರಡು ಮೀಟರ್ ನೀರು ಏರಿತೆಂದರೆ ನೂರಾರು ಎಕರೆ ಮುಳುಗುತ್ತದೆ, ಇಳಿಯಿತೆಂದರೆ ಅಷ್ಟೇ ನೆಲ ಮೇಲೇಳುತ್ತದೆ. ಕಂದಾಯ ಇಲಾಖೆಯ ನಕ್ಷೆಯಲ್ಲಿ ಹೊಳೆ ಒಂದು ಗೆರೆ. ಇಲ್ಲಿ ವಾಸಿಸುವವರಿಗೆ ಅದು ದಿನಕ್ಕೆ ನಾಲ್ಕು ಸಲ ಜಾಗ ಬದಲಿಸುವ ಅಂಚು.

ಊರುಗಳ ಹೆಸರುಗಳು ಈ ಅಂಚನ್ನು ಸರ್ವೆಯವರಿಗಿಂತ ನಿಖರವಾಗಿ ಗುರುತಿಸಿವೆ. ಮಾಣಿಕಟ್ಟಾ, ಸಾಣಿಕಟ್ಟಾ ಎಂಬಲ್ಲಿನ ‘ಕಟ್ಟಾ’ ನೀರು ತಡೆದ ಕಟ್ಟೆಯನ್ನು ನೆನಪಿಸುತ್ತದೆ. ಐಗಳಕುರ್ವೆ, ಮಾಸೂರು ಕುರ್ವೆಗಳಲ್ಲಿನ ‘ಕುರ್ವೆ’ ಎಂದರೆ ಹೊಳೆಯ ನಡುವಿನ ದಿಬ್ಬ, ನಡುಗಡ್ಡೆ. ಮೇಲಕ್ಕೆ, ಘಟ್ಟದ ಬುಡದತ್ತ, ಉಪ್ಪಿನಪಟ್ಟಣವಿದೆ. ದೋಣಿಯಲ್ಲಿ ಬಂದ ಉಪ್ಪು ಎತ್ತಿನ ಬೆನ್ನೇರುತ್ತಿದ್ದ ಜಾಗವೆಂಬುದನ್ನು ಹೆಸರೇ ಹೇಳುತ್ತದೆ. ಅದಕ್ಕೂ ಹಿಂದೆ, 16ನೆಯ ಶತಮಾನದಲ್ಲಿ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸು ಇಳಿಯುತ್ತಿದ್ದ ಮಿರ್ಜಾನ್ ಕೋಟೆ ಕೂಡ ಹೊಳೆಯ ದಂಡೆಯಲ್ಲೇ ಇದೆ. ಇಂದು ಕೋಟೆ ನೋಡಲು ಹೆದ್ದಾರಿಯಿಂದ ಬರುವವರಿಗೆ ಅದು ಒಳನಾಡಿನ ಕೋಟೆಯಂತೆ ಕಾಣುತ್ತದೆ. ನೀರಿನ ಕಡೆಯಿಂದ ನೋಡಿದರೆ ಮಾತ್ರ ಅದು ಅಲ್ಲಿಯೇ ಏಕಿದೆ ಎಂಬುದು ತಿಳಿಯುತ್ತದೆ.

ಒಂದೇ ನೀರು, ಬೇರೆ ಬೇರೆ ಗಡಿಯಾರ

ಉತ್ತರ ದಡದಲ್ಲಿ ತದಡಿ, ಮಾದನಗೇರಿ, ಹಿರೇಗುತ್ತಿ, ಬರ್ಗಿ, ಮಿರ್ಜಾನ್. ದಕ್ಷಿಣ ದಡದಲ್ಲಿ ಅಘನಾಶಿನಿ, ಕಾಗಾಲ, ಹೆಗಡೆ, ದೀವಗಿ. ತದಡಿಯಲ್ಲಿ ನಿಂತರೆ ಎದುರಿನ ಅಘನಾಶಿನಿ ಊರಿನ ಮನೆಗಳು ಕಾಣುತ್ತವೆ. ತಾರಿ ದೋಣಿಯಲ್ಲಿ ಕೆಲವೇ ನಿಮಿಷದ ದಾರಿ. ತಾರಿ ತಪ್ಪಿದರೆ ಹೆದ್ದಾರಿ ಹಿಡಿದು, ಸೇತುವೆ ಸುತ್ತಿ, ಕುಮಟೆಯ ಮೇಲಾಗಿ ಹತ್ತಾರು ಕಿಲೋಮೀಟರ್ ಹೋಗಬೇಕು. ಹೀಗಾಗಿ ಈ ಊರುಗಳ ಮದುವೆ ಸಂಬಂಧ, ಮೀನು ವ್ಯಾಪಾರ, ಕೂಲಿಯ ಲೆಕ್ಕಾಚಾರಗಳೆಲ್ಲ ಬಹುಕಾಲ ನೀರಿನ ಮೇಲೆಯೇ ನಡೆದವು. ಪಂಚಾಯಿತಿಗಳ ಗಡಿಗಳು ಮಾತ್ರ ನೆಲದ ಮೇಲೆ ಬಿದ್ದವು.

ಅಳಿವೆಯನ್ನು ನೆಚ್ಚಿದವರು ಒಂದೇ ಬಗೆಯವರಲ್ಲ. ಅಂಬಿಗರು, ಹರಿಕಂತರು, ಖಾರ್ವಿಗಳು ಮೀನಿನ ಕೆಲಸದವರು. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ನಾಡವರು ಬೇಸಾಯಗಾರರು, ಆದರೆ ಅವರಲ್ಲೂ ಬಹಳ ಮಂದಿ ಬಿಡುವಿನಲ್ಲಿ ಹೊಳೆಗೆ ಇಳಿಯುವವರೇ. ಆಗೇರರ ಹೆಸರಿಗೂ ಉಪ್ಪಿನ ಆಗರಕ್ಕೂ ಹಳೆಯ ನಂಟು. ಬ್ರಿಟಿಷರ ಕಾಲದ ಕೆನರಾ ಗ್ಯಾಸೆಟಿಯರ್ ಕೂಡ ಅವರನ್ನು ಉಪ್ಪು ಮಾಡುವವರೆಂದೇ ದಾಖಲಿಸಿದೆ. ಇಷ್ಟೂ ಜನ ನೋಡುವುದು ಒಂದೇ ನೀರನ್ನು, ಆದರೆ ಅದರಿಂದ ಕೇಳುವುದು ಬೇರೆ ಬೇರೆ. ಸಾಣಿಕಟ್ಟಾದ ಆಗರದವರಿಗೆ ಬೇಸಿಗೆಯ ದೊಡ್ಡ ಭರತ ಬೇಕು, ಮೋಡ ಬೇಡ. ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರಿಗೆ ದೊಡ್ಡ ಇಳಿತ ಬೇಕು: ನೀರು ಸರಿದು ಮರಳು ದಿಬ್ಬ ಮೇಲೆದ್ದ ಎರಡು ಮೂರು ಗಂಟೆಯೊಳಗೆ, ಮೊಣಕಾಲು ನೀರಿನಲ್ಲಿ ಬಗ್ಗಿ, ಕಾಲ ಬೆರಳಿನಿಂದಲೇ ಚಿಪ್ಪು ತಡವಿ, ಬುಟ್ಟಿ ತುಂಬಿಸಿಕೊಂಡು ಬರಬೇಕು. ಗಜನಿಯ ರೈತನಿಗೆ ಭತ್ತ ಇರುವಷ್ಟು ದಿನ ತೂಬಿನ ಬಾಗಿಲು ಮುಚ್ಚಿರಬೇಕು. ಗಜನಿಯ ಮೀನು ಹಿಡಿಯುವವನಿಗೆ ಅದು ಆದಷ್ಟು ಬೇಗ ತೆರೆಯಬೇಕು.

ಬಳಚಿನ ಲೆಕ್ಕವನ್ನು ಇಲ್ಲಿ ಒಂದು ಮಾತಿನಲ್ಲಾದರೂ ಹೇಳಲೇಬೇಕು, ಏಕೆಂದರೆ ಭೂದಾಖಲೆಯಲ್ಲಿ ಇದಕ್ಕೆ ಜಾಗವೇ ಇಲ್ಲ. ಈ ಶತಮಾನದ ಮೊದಲ ದಶಕದಲ್ಲಿ ನಡೆದ ಸಂಶೋಧನೆಯೊಂದರ ಅಂದಾಜಿನಂತೆ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ಸಿಗುತ್ತಿದ್ದವು, ಸುಮಾರು 2,300 ಜನ ಅದೇ ಕೆಲಸದಲ್ಲಿದ್ದರು. ಯಾರ ಪಹಣಿಯಲ್ಲೂ ಇಲ್ಲದ ಕೆಸರಿನಿಂದ ಬರುವ ಆದಾಯ ಇದು.

ಗಜನಿಯ ವರ್ಷ

ಗಜನಿ ಎಂದರೆ ಹೊಳೆಯಿಂದ ಕದ್ದ ನೆಲವಲ್ಲ, ಹೊಳೆಯೊಂದಿಗೆ ಪಾಳಿ ಹಾಕಿಕೊಂಡ ನೆಲ. ಮಳೆಗಾಲದ ಪಾಳಿ ಭತ್ತದ್ದು, ಮಿಕ್ಕ ಪಾಳಿ ಮೀನು ಸಿಗಡಿಗಳದ್ದು. ಪಾಳಿ ಬದಲಿಸುವ ಉಪಕರಣ ಒಡ್ಡಿನಲ್ಲಿ ಕೂರಿಸಿದ ತೂಬು. ತೂಬಿನ ಬಾಯಿಗೆ ಒಂದರ ಮೇಲೊಂದು ಇಳಿಬಿಡುವ ಮರದ ಹಲಗೆಗಳು.

ಬೇಸಿಗೆಯ ಕೊನೆಗೆ ನೀರನ್ನೆಲ್ಲ ಇಳಿತದಲ್ಲಿ ಹೊರಬಿಟ್ಟು ಹಲಗೆ ಬಿಗಿಮಾಡುತ್ತಾರೆ. ನೆಲ ಒಣಗಿ ಬಿರಿಯುತ್ತದೆ, ಬಿರುಕಿನ ಅಂಚಿನಲ್ಲಿ ಬಿಳಿ ಉಪ್ಪು ಕಾಣಿಸುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಸುರಿಯುವ ಕರಾವಳಿಯ ಮಳೆಯ ಮೊದಲ ಕೆಲಸ ಈ ಉಪ್ಪನ್ನು ತೊಳೆಯುವುದು. ಮಳೆ ನೀರು ಬಿರುಕಿಗೆ ಇಳಿದು ಉಪ್ಪನ್ನು ಕರಗಿಸುತ್ತದೆ. ಇಳಿತದ ಹೊತ್ತಿಗೆ ಹಲಗೆ ಎತ್ತಿ ಆ ನೀರನ್ನು ಬಿಡಬೇಕು, ಭರತ ತಿರುಗುವ ಮೊದಲು ಹಲಗೆ ಇಳಿಸಬೇಕು. ಇದೊಂದು ಸೂಕ್ಷ್ಮ ಕೆಲಸ. ಅರ್ಧ ಗಂಟೆ ತಡವಾದರೆ ವಾರವಿಡೀ ತೊಳೆದ ಉಪ್ಪು ಒಂದೇ ಭರತದಲ್ಲಿ ವಾಪಸು ಬರುತ್ತದೆ. ನೆಲ ಸಾಕಷ್ಟು ಸಪ್ಪೆಯಾಯಿತು ಎನ್ನಿಸಿದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜವನ್ನು ಚೆಲ್ಲುತ್ತಾರೆ. ನಾಟಿ ಇಲ್ಲ, ಗೊಬ್ಬರ ಇಲ್ಲ, ಔಷಧಿ ಇಲ್ಲ. ಗಿಡ ಎತ್ತರಕ್ಕೆ ಬೆಳೆಯುತ್ತದೆ. ನೆರೆ ಬಂದು ಕೆಲವು ದಿನ ಮುಳುಗಿದರೂ ನೀರು ಇಳಿದ ಮೇಲೆ ಚೇತರಿಸಿಕೊಳ್ಳುತ್ತದೆ. ಅಕ್ಟೋಬರ್-ನವೆಂಬರ್ ಹೊತ್ತಿಗೆ ಕೊಯ್ಲು, ಎಷ್ಟೋ ಸಲ ನೀರಿನಲ್ಲಿ ನಿಂತೇ. ತೆನೆಯನ್ನಷ್ಟೇ ಕೊಯ್ದುಕೊಂಡು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ.

ಬಿಟ್ಟ ಹುಲ್ಲೇ ಮುಂದಿನ ಪಾಳಿಯ ಬಂಡವಾಳ. ಕೊಯ್ಲು ಮುಗಿದ ಮೇಲೆ ಭರತದ ಹೊತ್ತಿಗೆ ಹಲಗೆ ಎತ್ತಿದರೆ ಉಪ್ಪುನೀರಿನೊಂದಿಗೆ ಸಿಗಡಿ ಮರಿ, ಮೀನು ಮರಿ, ಏಡಿ ಒಳಬರುತ್ತವೆ. ಸಿಗಡಿ ಎಂಬುದು ಪುಸ್ತಕದ ಮಾತು, ಇಲ್ಲಿಯವರ ಬಾಯಲ್ಲಿ ಅದು ಶೆಟ್ಲಿ. ಕೊಳೆತ ಹುಲ್ಲಿನ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳನ್ನು ತಿಂದು ಅವು ಬಲಿಯುತ್ತವೆ. ಮುಂದೆ ಇಳಿತದ ರಾತ್ರಿ ತೂಬಿನ ಹೊರಬಾಯಿಗೆ ಬಲೆ ಕಟ್ಟಿ ಹಲಗೆ ಎತ್ತಿದರೆ, ಹೊರಹೋಗುವ ನೀರು ಅವನ್ನು ಬಲೆಗೇ ತಂದು ಹಾಕುತ್ತದೆ. ಅವುಗಳ ಹಿಕ್ಕೆ ಮತ್ತು ಹೊಳೆಯ ಮೆಕ್ಕಲು ಮತ್ತೆ ಭತ್ತಕ್ಕೆ ಗೊಬ್ಬರ. ಒಂದು ಪಾಳಿಯನ್ನು ತೆಗೆದರೆ ಇನ್ನೊಂದು ಬಡವಾಗುತ್ತದೆ.

ಈ ವ್ಯವಸ್ಥೆಯಲ್ಲಿ ಒಬ್ಬ ರೈತನ ಇಚ್ಛೆಗೆ ಎಡೆಯಿಲ್ಲ ಎಂಬುದನ್ನು ಗಮನಿಸಬೇಕು. ಗಜನಿಯೊಳಗೆ ಹತ್ತಾರು ಕುಟುಂಬಗಳ ಹಿಡುವಳಿ ಇರುತ್ತದೆ, ಆದರೆ ಅವುಗಳ ನಡುವೆ ನೀರನ್ನು ಬೇರ್ಪಡಿಸುವ ಗೋಡೆ ಇಲ್ಲ. ಒಡ್ಡು ಒಂದು, ತೂಬು ಒಂದೋ ಎರಡೋ. ಆದ್ದರಿಂದ ಹಲಗೆ ಯಾವಾಗ ಎತ್ತಬೇಕೆಂಬುದನ್ನು ಎಲ್ಲರೂ ಕೂಡಿಯೇ ತೀರ್ಮಾನಿಸಬೇಕಿತ್ತು. ಒಡ್ಡಿಗೆ ಮಣ್ಣು ಹಾಕಲು ಮನೆಗೊಂದು ಆಳು ಬರಬೇಕಿತ್ತು. ಒಡ್ಡು ಕಾಯುವವನಿಗೆ ಕೂಲಿ ಕೊಡಬೇಕಿತ್ತು. ಬೇಸಿಗೆಯ ಮೀನಿನ ಹಕ್ಕನ್ನು ಹರಾಜು ಹಾಕಿ ಬಂದ ಹಣದಲ್ಲಿ ಆ ಖರ್ಚನ್ನು ತೂಗಿಸಬೇಕಿತ್ತು. ಭತ್ತ ಊಟ ಹಾಕುತ್ತಿತ್ತು, ಮೀನು ಒಡ್ಡನ್ನು ಸಾಕುತ್ತಿತ್ತು. ಏಡಿಯ ತೂತಿನ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಅಡಗಿತ್ತು: ಕಂಡವನು ಮುಚ್ಚಬೇಕು, ಕಾಣುವುದಕ್ಕೆಂದೇ ಒಬ್ಬನಿರಬೇಕು.

ಈ ಹಳೆಯ ಏರ್ಪಾಡನ್ನು ಬಂಗಾರದ ಕಾಲವೆಂದು ಬಣ್ಣಿಸುವವರ ಜೊತೆ ನಾನಿಲ್ಲ. ನೆಲ ಬಹುಪಾಲು ಒಡೆಯರದ್ದಾಗಿದ್ದ ದಿನಗಳಲ್ಲಿ ಒಕ್ಕಲುಗಳು ಮಣ್ಣು ಹೊತ್ತದ್ದು ಒಗ್ಗಟ್ಟಿನ ಸಂತೋಷಕ್ಕೆ ಮಾತ್ರವಲ್ಲ, ಹೊರದಿದ್ದರೆ ಗೇಣಿ ತಪ್ಪುತ್ತದೆಂಬ ಭಯಕ್ಕೂ ಹೌದು. ಆದರೂ ಒಡ್ಡು ನಿಂತಿತ್ತು.

ಕಲ್ಲಿನ ಒಡ್ಡು ಬಂದ ಮೇಲೆ

1970ರ ದಶಕದಲ್ಲಿ ಎರಡು ಬದಲಾವಣೆಗಳು ಹತ್ತಿರ ಹತ್ತಿರ ಬಂದವು. ಮೊದಲನೆಯದು 1974ರಲ್ಲಿ ಬಿಗಿಯಾದ ಭೂಸುಧಾರಣೆ, ಗೇಣಿದಾರ ಒಡೆಯನಾದ. ಅದರ ನ್ಯಾಯದ ಬಗ್ಗೆ ಎರಡು ಮಾತಿಲ್ಲ. ಆದರೆ ಗಜನಿಯ ಮಟ್ಟಿಗೆ ನೆಲ ಸರ್ವೆ ನಂಬರುಗಳಾಗಿ ಹಂಚಿಹೋಯಿತು, ನೀರು ಹಂಚಿಹೋಗಲಿಲ್ಲ. ಒಡ್ಡು ಮತ್ತು ತೂಬು ಯಾರ ಪಹಣಿಗೂ ಸೇರದ ವಸ್ತುಗಳಾಗಿ ಉಳಿದವು.

ಎರಡನೆಯದು ಖಾರ್‌ಲ್ಯಾಂಡ್ ಒಡ್ಡುಗಳು. ಈ ಹೆಸರು ಬಂದ ದಾರಿ ಕುತೂಹಲದ್ದು. 1862ರಿಂದ 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಉಪ್ಪುನೆಲಕ್ಕೆ ಮರಾಠಿಯಲ್ಲಿ ‘ಖಾರ್’ ಎನ್ನುತ್ತಾರೆ, 1948ರಲ್ಲಿ ಅಲ್ಲಿ ಖಾರ್ ಭೂಮಿಗಳಿಗೆಂದೇ ಒಂದು ಕಾಯಿದೆ ಬಂದಿತ್ತು. ರಾಜ್ಯ ಬದಲಾದರೂ ಕಡತದ ಶಬ್ದ ಉಳಿಯಿತು. ಸರ್ಕಾರ ಮಣ್ಣಿನ ಒಡ್ಡುಗಳ ಬದಲು ಕಲ್ಲು ಕಟ್ಟಿದ ಶಾಶ್ವತ ಒಡ್ಡುಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ: ವರ್ಷ ವರ್ಷ ಮಣ್ಣು ಹೊರುವ ಬವಣೆ ತಪ್ಪಲಿ, ಭತ್ತ ಹೆಚ್ಚು ಬೆಳೆಯಲಿ.

ತಪ್ಪಿದ್ದು ಬವಣೆಯೊಂದೇ ಅಲ್ಲ. ಕಲ್ಲಿನ ಒಡ್ಡಿಗೆ ಮನೆಗೊಂದು ಆಳು ಬೇಕಾಗಲಿಲ್ಲ, ಹಾಗಾಗಿ ವರ್ಷಕ್ಕೊಮ್ಮೆ ಒಡ್ಡಿನ ಮೇಲೆ ಎಲ್ಲರೂ ನಡೆದು ನೋಡುವ ವಾಡಿಕೆ ಸಡಿಲವಾಯಿತು. ಕಾವಲುಗಾರನ ಕೂಲಿ ದಂಡವೆನ್ನಿಸತೊಡಗಿತು. ಹಳೆಯ ಒಡ್ಡು ತಿಂಗಳಿಗೊಮ್ಮೆ ಸೋರುತ್ತಿತ್ತು, ಸಂಜೆಯೊಳಗೆ ರಿಪೇರಿಯಾಗುತ್ತಿತ್ತು. ಹೊಸದು ಹಲವು ವರ್ಷ ಸೋರದೆ ನಿಂತು, ಸೋರಿದಾಗ ಊರವರ ಬುಟ್ಟಿಗೆ ಎಟುಕದ ಕೆಲಸವಾಗಿ ಕಂಡಿತು. ಕಲ್ಲು ಜಾರಿದ ಕಡೆ ಕಲ್ಲೇ ಬೇಕು, ಕಲ್ಲಿಗೆ ಅಂದಾಜು ಪಟ್ಟಿ ಬೇಕು, ಅಂದಾಜು ಪಟ್ಟಿಗೆ ಮಂಜೂರಾತಿ ಬೇಕು. ಮಂಜೂರಾತಿ ಬರುವುದು ಆರ್ಥಿಕ ವರ್ಷದ ಲೆಕ್ಕದಲ್ಲಿ, ಭರತ ಬರುವುದು ಚಂದ್ರನ ಲೆಕ್ಕದಲ್ಲಿ. ಒಡ್ಡು ಸರ್ಕಾರದ್ದು ಎಂಬ ಮಾತು ಒಮ್ಮೆ ಊರಿನಲ್ಲಿ ನಿಂತ ಮೇಲೆ, ಬೆರಳು ಗಾತ್ರದ ತೂತನ್ನು ಕಂಡವನೂ ಅರ್ಜಿ ಬರೆಯುವ ಬಗ್ಗೆ ಯೋಚಿಸುತ್ತಾನೆಯೇ ಹೊರತು ಹುಲ್ಲು ಮಣ್ಣಿನ ಬಗ್ಗೆ ಅಲ್ಲ. ಅವನನ್ನು ದೂರುವಂತಿಲ್ಲ. ಬೇರೆಯವರ ಆಸ್ತಿಗೆ ಕೈ ಹಾಕಬಾರದೆಂದು ಅವನಿಗೆ ಹೇಳಿದ್ದೇ ಹಾಗೆ.

ಮೂರನೆಯ ಹೊಡೆತ ಸಿಗಡಿಯ ಬೆಲೆ. 1990ರ ದಶಕದ ಆರಂಭದಲ್ಲಿ ರಫ್ತಿನ ಬೇಡಿಕೆಯಿಂದಾಗಿ ದೇಶದ ಕರಾವಳಿಯುದ್ದಕ್ಕೂ ಸಿಗಡಿ ಕೃಷಿ ಹಬ್ಬಿತು. ಗಜನಿಯ ಮೀನಿನ ಹರಾಜು ಒಡ್ಡಿನ ಖರ್ಚು ತೂಗಿಸುವ ಪೂರಕ ಆದಾಯವಾಗಿದ್ದದ್ದು, ಈಗ ಅದೇ ಮುಖ್ಯ ಆದಾಯವಾಯಿತು. ಗುತ್ತಿಗೆ ಹಿಡಿದವನಿಗೆ ಹಲಗೆ ಜೂನ್ ತಿಂಗಳಲ್ಲೂ ತೆರೆದಿದ್ದರೆ ಲಾಭ, ನವೆಂಬರ್ ಬದಲು ಸೆಪ್ಟೆಂಬರಿನಲ್ಲೇ ತೆರೆದರೆ ಲಾಭ. ಭತ್ತ ಬಿತ್ತುವ ಹತ್ತು ಜನರಲ್ಲಿ ಏಳು ಜನ ಗುತ್ತಿಗೆಯ ಹಣಕ್ಕೆ ಒಪ್ಪಿದರೆ ಮಿಕ್ಕ ಮೂವರ ಗದ್ದೆಗೂ ಉಪ್ಪುನೀರು ಬಂದೇ ಬರುತ್ತದೆ. ನೀರಿಗೆ ಬಹುಮತ ಅಲ್ಪಮತದ ಗೊಡವೆ ಇಲ್ಲ. ದಶಕದ ನಡುವಿಗೆ ಬಿಳಿಚುಕ್ಕೆ ರೋಗ ಬಂದು ಸಿಗಡಿ ಕೆರೆಗಳು ನೆಲಕಚ್ಚಿದವು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಉದ್ಯಮವನ್ನು ನಿರ್ಬಂಧಿಸಿ, ಸಾಂಪ್ರದಾಯಿಕ ಪದ್ಧತಿಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯಿದೆ ಬಂದು ಚಿತ್ರ ಮತ್ತೆ ಬದಲಾಯಿತು. ಇಷ್ಟರ ನಡುವೆ ಹಲವು ಗಜನಿಗಳಲ್ಲಿ ಕಗ್ಗದ ಬೀಜವೇ ಉಳಿಯಲಿಲ್ಲ. ಬೀಜ ಕಳೆದುಹೋದ ಮೇಲೆ ಮನಸ್ಸು ಬದಲಿಸಿಯೂ ಪ್ರಯೋಜನವಿಲ್ಲ, ಏಕೆಂದರೆ ಪೇಟೆಯಲ್ಲಿ ಸಿಗುವ ಗಿಡ್ಡ ತಳಿ ಈ ನೆಲದಲ್ಲಿ ಮೊದಲ ನೆರೆಗೇ ಕೊಳೆಯುತ್ತದೆ.

ಕಾರಣಗಳನ್ನು ತೂಗಿ ನೋಡಿದಾಗ

ಗಜನಿಯ ಅವನತಿಗೆ ಒಡ್ಡೊಂದೇ ಕಾರಣವೆಂದರೆ ಪ್ರಕರಣವನ್ನು ಅತಿ ಸರಳಗೊಳಿಸಿದಂತೆ. ಕಗ್ಗದ ಇಳುವರಿ ಕಡಿಮೆ. ನೀರಿನಲ್ಲಿ ನಿಂತು ಕೊಯ್ಯುವ ಕೆಲಸಕ್ಕೆ ಯಂತ್ರ ಬರುವುದಿಲ್ಲ, ಆಳು ಸಿಗುವುದಿಲ್ಲ. ಹುಡುಗರು ಗೋವಾಕ್ಕೋ ಬೆಂಗಳೂರಿಗೋ ಹೋಗಿದ್ದಾರೆ. ಸುತ್ತಲಿನ ಗದ್ದೆ ಪಾಳು ಬಿದ್ದಾಗ ಮಿಕ್ಕ ಒಂದೆರಡು ಗದ್ದೆಯ ಮೇಲೆಯೇ ಹಕ್ಕಿಗಳ ದಂಡೆಲ್ಲ ಎರಗುತ್ತದೆ. ಪಡಿತರದ ಅಕ್ಕಿ ಬಂದ ಮೇಲೆ ಊಟಕ್ಕೆಂದು ಬೆಳೆಯುವ ಅನಿವಾರ್ಯವೂ ತಗ್ಗಿತು. ಇವೆಲ್ಲ ನಿಜ. ಆದರೆ ಇದೇ ತೊಂದರೆಗಳು ಮಾಣಿಕಟ್ಟಾಕ್ಕೂ ಇದ್ದವು, ಅಲ್ಲಿ ಕಗ್ಗ ಉಳಿಯಿತು. ಅಲ್ಲಿಯ ರೈತರು ಕೂಡಿಯೇ ಬೇಸಾಯ ಮಾಡುವ, ಕೂಡಿಯೇ ಬೀಜ ಇಟ್ಟುಕೊಳ್ಳುವ ಪದ್ಧತಿಯನ್ನು ಬಿಡಲಿಲ್ಲ. ಉಳಿದ ತೊಂದರೆಗಳು ಬೇಸಾಯವನ್ನು ಕಷ್ಟಗೊಳಿಸುತ್ತವೆ. ತೂಬಿನ ಮೇಲಿನ ಹಿಡಿತ ತಪ್ಪುವುದು ಮಾತ್ರ ಅದನ್ನು ಅಸಾಧ್ಯಗೊಳಿಸುತ್ತದೆ. ಬೆಳೆಯಬೇಕೆಂಬ ಹಟವಿದ್ದ ಒಬ್ಬ ರೈತ ಮಲೆನಾಡಿನ ಮಕ್ಕಿಗದ್ದೆಯಲ್ಲಿ ಒಬ್ಬನೇ ಬೆಳೆಯಬಹುದು. ಗಜನಿಯಲ್ಲಿ ಹಾಗಾಗದು.

ಒಡ್ಡು ಒಡೆದ ಗಜನಿ ಸುಮ್ಮನೆ ಪಾಳು ಬೀಳುವುದಿಲ್ಲ ಎಂಬುದು ಇನ್ನೊಂದು ತೊಡಕು. ಭರತದ ನೀರಿನಲ್ಲಿ ಕಾಂಡ್ಲಾ ಬೀಜಗಳು ತೇಲಿ ಬಂದು ಕೆಸರಿನಲ್ಲಿ ಊರಿಕೊಳ್ಳುತ್ತವೆ. ಅರಣ್ಯ ಇಲಾಖೆಯೂ ಅಳಿವೆಯ ಅಂಚಿನಲ್ಲಿ ಕಾಂಡ್ಲಾ ನೆಡುತ್ತ ಬಂದಿದೆ. ಕಾಂಡ್ಲಾ ದಂಡೆ ಕಾಯುತ್ತದೆ, ಮೀನು ಮರಿಗಳಿಗೆ ಆಸರೆ ಕೊಡುತ್ತದೆ, ಅಲೆಯ ಪೆಟ್ಟು ತಗ್ಗಿಸುತ್ತದೆ. ಅದನ್ನು ಶತ್ರುವೆನ್ನುವುದು ಮೂರ್ಖತನ. ಆದರೆ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಕಾಂಡ್ಲಾ ಇರುವ ಜಾಗ ಅತ್ಯಂತ ಬಿಗಿಯಾದ ರಕ್ಷಣೆಯ ವರ್ಗಕ್ಕೆ ಸೇರುತ್ತದೆ. ಹಾಗಾಗಿ ಒಂದು ಗಜನಿಯ ಒಡ್ಡು ಹತ್ತು ವರ್ಷ ರಿಪೇರಿಯಾಗದೆ ಉಳಿದು ಒಳಗೆ ಕಾಂಡ್ಲಾ ಬೆಳೆದರೆ, ಪಹಣಿಯಲ್ಲಿ ಗದ್ದೆ ಎಂದಿದ್ದರೂ ಅದನ್ನು ಮತ್ತೆ ಗದ್ದೆ ಮಾಡುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ರಿಪೇರಿ ತಡಮಾಡಿದ್ದು ಯಾರೋ, ನೆಲ ಕಳೆದುಕೊಂಡದ್ದು ಯಾರೋ.

ಹೊರಗಿನಿಂದ ಬಂದ ದೊಡ್ಡ ಯೋಜನೆಗಳ ಕತೆ ಇಲ್ಲಿ ಬೇರೆಯದೇ ಆಗಿದೆ. ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಅಳಿವೆಯ ಎರಡೂ ದಡದ ಊರುಗಳು ಒಟ್ಟಾಗಿ ವಿರೋಧಿಸಿದವು, ಯೋಜನೆ ನಿಂತಿತು. ಬಂದರಿನ ಪ್ರಸ್ತಾಪಕ್ಕೂ ಅಂಥದೇ ವಿರೋಧ ಬಂತು. ಎದುರಾಳಿ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿದ್ದಾಗ ಮೀನುಗಾರ, ಆಗರದವ, ರೈತ ಎಲ್ಲರೂ ಒಂದಾದರು. ಏಡಿಯ ತೂತಿಗೆ ಆ ಗಾತ್ರವಿಲ್ಲ, ಅದರ ವಿರುದ್ಧ ಮೆರವಣಿಗೆ ಮಾಡಲಾಗುವುದಿಲ್ಲ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜವುಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ವಿವರಣೆಯಲ್ಲಿ ಗಜನಿ ಭತ್ತ, ಸಾಂಪ್ರದಾಯಿಕ ಮೀನು ಸಾಕಣೆ, ಚಿಪ್ಪು ಸಂಗ್ರಹ, ಉಪ್ಪು ತಯಾರಿಕೆ ಎಲ್ಲಕ್ಕೂ ಜಾಗವಿದೆ. 6,000ದಿಂದ 7,500 ಕುಟುಂಬಗಳ ಜೀವನೋಪಾಯದ ಮಾತೂ ಇದೆ. ಮನುಷ್ಯರ ಕೆಲಸವನ್ನು ಜವುಗುಭೂಮಿಯ ಭಾಗವೆಂದು ಒಪ್ಪಿದ್ದು ಸಮಾಧಾನದ ಸಂಗತಿ. ಆದರೆ ದೇಶದ 2017ರ ಜವುಗುಭೂಮಿ ನಿಯಮಗಳ ವ್ಯಾಖ್ಯೆ ಭತ್ತದ ಗದ್ದೆಗಳನ್ನೂ, ಜಲಕೃಷಿಗೆ ಮತ್ತು ಉಪ್ಪಿಗೆಂದು ಕಟ್ಟಿದ ರಚನೆಗಳನ್ನೂ ಜವುಗುಭೂಮಿಯ ಲೆಕ್ಕದಿಂದ ಹೊರಗಿಟ್ಟಿದೆ. ಮಳೆಗಾಲದಲ್ಲಿ ಗದ್ದೆ, ಬೇಸಿಗೆಯಲ್ಲಿ ಅಳಿವೆ ಆಗಿರುವ ನೆಲವನ್ನು ಯಾವ ಅಂಕಣದಲ್ಲಿ ಬರೆಯಬೇಕೆಂಬುದು ಹೀಗೆ ಮತ್ತೆ ಕಚೇರಿಯ ಮೇಜಿನ ಪ್ರಶ್ನೆಯಾಗಿ ಉಳಿಯುತ್ತದೆ.

ಪ್ರಕರಣದಿಂದ ತೆಗೆಯಬಹುದಾದ ಕೆಲಸದ ಮಾತು ಚಿಕ್ಕದು. ಅಳಿವೆಯ ಊರುಗಳ ಯೋಜನೆಗೆ ಘಟಕವಾಗಬೇಕಾದದ್ದು ಪಂಚಾಯಿತಿಯೂ ಅಲ್ಲ, ಸರ್ವೆ ನಂಬರೂ ಅಲ್ಲ, ಒಂದು ತೂಬಿನ ಹಿಂದೆ ಇರುವಷ್ಟು ನೆಲ. ಅಷ್ಟೂ ನೆಲದ ರೈತರಿಗೆ, ಭೂಮಿಯಿಲ್ಲದೆ ಆ ನೀರನ್ನೇ ನಂಬಿದ ಮೀನುಗಾರರಿಗೆ ಮತ್ತು ಏಡಿ ಹಿಡಿಯುವವರಿಗೆ ಹಲಗೆಯ ವೇಳಾಪಟ್ಟಿಯಲ್ಲಿ ಮಾತಿರಬೇಕು. ಮೀನಿನ ಹರಾಜಿನ ಒಂದು ಪಾಲು ಯಾವ ಮಂಜೂರಾತಿಗೂ ಕಾಯದೆ ಒಡ್ಡಿಗೆ ಹೋಗುವಂತಿರಬೇಕು. ಕಲ್ಲಿನ ಒಡ್ಡಿನ ಸಣ್ಣ ರಿಪೇರಿಯನ್ನು ಊರವರೇ ಮಾಡಿದರೆ ಅದು ತಪ್ಪಲ್ಲವೆಂದು ಇಲಾಖೆ ಲಿಖಿತವಾಗಿ ಹೇಳಬೇಕು. ಇದಕ್ಕೆ ಗಡುವು ಪ್ರತಿ ವರ್ಷವೂ ಒಂದೇ. ಮೇ ತಿಂಗಳ ಕೊನೆಯ ದೊಡ್ಡ ಇಳಿತದ ದಿನ, ಮೊದಲ ಮಳೆಗೆ ಮುಂಚೆ, ಒಡ್ಡಿನ ಹೊಳೆಯ ಕಡೆಯ ಮೈ ತಳದವರೆಗೂ ಬರಿದಾಗಿರುತ್ತದೆ. ಬಿಲಗಳೆಲ್ಲ ಕಾಣುತ್ತವೆ. ನೀರು ತಿರುಗುವುದಕ್ಕೆ ಆಗ ಕೆಲವೇ ಗಂಟೆ ಇರುತ್ತದೆ.